ಬಾಣಂತಿ ಮದ್ದು

ಮೊದಲು ಚಪ್ಪಲಿ ಬಿಗಿಯಾಯಿತು.

ಮಳೆಗಾಲದಲ್ಲಿ ಕಾಲು ಬಾಯುವುದು ನನಗೆ ಹೊಸದೇನಲ್ಲ. ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವವಳು ನಾನು. ಮೀನುಗಾರಿಕೆ ನಿಲ್ಲುವ ಆ ಎರಡು ತಿಂಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳನ್ನು ಮೇಲೆಳೆದು, ಟಾರ್ಪಾಲು ಕಟ್ಟಿ, ರಿಪೇರಿ ಮಾಡಿ ಬಣ್ಣ ಹೊಡೆಯುತ್ತಾರೆ. ಮೈಗೆ ಬಣ್ಣ ಯಾರು ಬೇಕಾದರೂ ಹೊಡೆದಾರು. ಹೆಸರು ಬರೆಯುವುದು, ಹೆಸರಿನ ಪಕ್ಕ ಶಂಖವೋ ಮೀನೋ ಸೂರ್ಯನೋ ಮಾಲೀಕ ಕೇಳಿದ್ದನ್ನು ಬಿಡಿಸುವುದು ನನ್ನ ಕೆಲಸ. ಅಪ್ಪನಿಂದ ಬಂದ ವಿದ್ಯೆ. ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮ ಕೇರಿ. ಅಲ್ಲಿನ ದೋಣಿಗಳಿಗೆಲ್ಲ ಅಪ್ಪನೇ ಹೆಸರು ಬರೆಯುತ್ತಿದ್ದ, ನಾನು ಡಬ್ಬಿ ಹಿಡಿದು ನಿಲ್ಲುತ್ತಿದ್ದೆ. ಮದುವೆಯಾಗಿ ಕಾರವಾರಕ್ಕೆ ಬಂದಾಗ ಬ್ರಶ್ಶೂ ನನ್ನ ಜೊತೆ ಬಂತು. ಹೆಂಗಸು ಹೆಸರು ಬರೆದ ಬೋಟಿಗೆ ಮೀನು ಬೀಳುವುದಿಲ್ಲ ಅಂತ ಮೊದಮೊದಲು ಗೊಣಗಿದವರಿದ್ದರು. ಬಿತ್ತು. ಸುಮ್ಮನಾದರು.

ಆ ಸಲ ಕಾಲು ಬಾತದ್ದು ಇಳಿಯಲೇ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಬಿದ್ದ ಗುಳಿ ಹಾಗೇ ಕೂರುತ್ತಿತ್ತು. ಆಮೇಲೆ ಹೊಟ್ಟೆ. ಕೈಕಾಲು ಸೊರಗಿ ಹೊಟ್ಟೆ ಮಾತ್ರ ಮುಂದೆ ಬಂತು. ಅಟ್ಟಣಿಗೆ ಹತ್ತುವಾಗ ಉಸಿರು ಕಟ್ಟುತ್ತಿತ್ತು. ಬಂದರಿನಲ್ಲಿ ಬಾಯಿ ಸುಮ್ಮನಿಡುವವರು ಯಾರಿದ್ದಾರೆ?

“ಕಿತೇಂ ಗೋ ಸುಮಿ,” ಅಂತ ಕೊಂಕಣಿಯಲ್ಲಿ ಮಾತಿಗೆಳೆದ ಒಬ್ಬ ಬೋಟಿನವನು. “ಈ ವಯಸ್ಸಿಗೆ ಬಸರಾ ಎಂತದು? ತಾಂಡೇಲರಿಗೆ ಪೇಡೆ ಹಂಚುಕೆ ಹೇಳ್ಬೇಕಾ?”

“ಮೊದ್ಲು ನಿನ್ ಬೋಟಿಗೆ ಹೆಸರು ಇಟ್ಟು ಮುಗೀಲಿ, ಆಮೇಲೆ ಹೊಟ್ಟೇದು ನೋಡ್ವಾ,” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವುದು ನನಗೆ ಚೆನ್ನಾಗಿ ಬರುತ್ತಿತ್ತು.

ತಾಂಡೇಲ ಅಂದರೆ ಬೋಟು ನಡೆಸುವವರು, ನನ್ನ ಗಂಡ ದಾಮೋದರ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಹಾಗಾಗಿ ಮುಂದೆ ‘ಇವರು’ ಎಂದೇ ಬರೆಯುತ್ತೇನೆ. ಕಡಲಿಗೆ ಹೋದರೆ ವಾರಗಟ್ಟಲೆ ಮನೆಯಿಲ್ಲ. ಮನೆಯಲ್ಲಿದ್ದಾಗಲೂ ಮಾತು ಕಡಿಮೆ. ನಮ್ಮ ಒಬ್ಬಳೇ ಮಗಳು ಪಲ್ಲವಿ ಕಾರವಾರದಲ್ಲೇ ಕಾಲೇಜು ಓದುತ್ತಿದ್ದಾಳೆ. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದವಳು ಕನ್ನಡಿಯೊಳಗೇ ನನ್ನನ್ನು ನೋಡಿ ಕೈ ನಿಲ್ಲಿಸಿದಳು.

“ಅಮ್ಮಾ, ನಿನ್ ಕಣ್ಣಿಗೆ ಪೇಂಟ್ ಹತ್ತಿದ್ಯಾ?”

ಆ ವಾರ ನಾನು ಹಳದಿ ಡಬ್ಬಿ ಮುಟ್ಟಿಯೇ ಇರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು, ಅಡ್ಮಿಟ್ ಆಗಿ ಅಂದರು. ಚಿಕ್ಕ ವಯಸ್ಸಿನ ಡಾಕ್ಟರು ಹಾಸಿಗೆಯ ಬಳಿ ನಿಂತು ಒಂದೊಂದೇ ಕೇಳುತ್ತ ಹೋದರು. ಶುಗರ್ ಇದೆಯೇ? ಹಿಂದೆ ಕಾಮಾಲೆ ಆಗಿತ್ತೇ? ಆಲ್ಕೋಹಾಲ್ ತಗೊಳ್ತೀರಾ?

ಇವರಿಗೆ ಸಿಟ್ಟು ಬಂತು. “ನಮ್ಮಲ್ಲಿ ಹೆಂಗಸ್ರು ಕುಡೂದಿಲ್ಲ ಡಾಕ್ಟ್ರೇ. ನಾ ಕುಡಿತೆ. ಬರ್ಕಳುದಾದ್ರೆ ನಂದು ಬರ್ಕಣಿ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ನಂಬುವುದಾದರೆ ನಂಬಿ, ಸುಳ್ಳು ಹೇಳುತ್ತಿದ್ದೇನೆ ಅಂತ ಆಗ ನನಗೆ ಅನ್ನಿಸಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಕೈ ನಡುಗತೊಡಗಿತು. ಬೆವರು. ಎದೆ ಡವಡವ. ಗೋಡೆಯಿಂದ ಏಡಿಗಳು ಇಳಿದುಬಂದವು. ನಾನು ಅವುಗಳನ್ನು ಹಾಸಿಗೆಯಿಂದ ಗುಡಿಸುತ್ತಿದ್ದೆ. ವಾರ್ಡಿನ ಬಾಗಿಲಿನಿಂದ ಬೋಟುಗಳು ಒಂದರ ಹಿಂದೆ ಒಂದು ಒಳಗೆ ಬರುತ್ತಿದ್ದವು, ಯಾವುದರ ಮೇಲೂ ಹೆಸರಿರಲಿಲ್ಲ, ಬೋಟಿನವರೆಲ್ಲ ನನ್ನನ್ನೇ ಕೂಗುತ್ತಿದ್ದರು. ಸಲೈನ್ ಕಿತ್ತು ಎದ್ದುಹೋದೆನಂತೆ. ನರ್ಸುಗಳು ಬಟ್ಟೆಯಿಂದ ನನ್ನ ಕೈಗಳನ್ನು ಮಂಚಕ್ಕೆ ಕಟ್ಟಿದರಂತೆ. ಇದನ್ನೆಲ್ಲ ಪಲ್ಲವಿ ಆಮೇಲೆ ಹೇಳಿದ್ದು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅದೇ ದಿನ ಅಂಕೋಲೆಯಿಂದ ಬಸ್ಸು ಹತ್ತಿ ಆಯಿ ಬಂದಿದ್ದಳು. ನನ್ನ ಹೆತ್ತವಳು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಮತ್ತೆ ಅದನ್ನೇ ಕೇಳಿದರು, ಮಗಳು ಕುಡಿಯುತ್ತಾಳೆಯೇ ಎಂದು.

“ಕುಡೂದಾ? ಶೀ ಶೀ. ನಮ್ ಹುಡ್ಗಿ ಹಾಂಗಲ್ಲ. ಮದ್ದು ಮಾತ್ರ ತಕಣ್ತದೆ.”

“ಯಾವ ಮದ್ದು ಅಜ್ಜಿ?”

“ಬಾಣಂತಿ ಮದ್ದು.”

“ಬಾಣಂತಿನಾ? ಮಗು ಎಲ್ಲಿ?”

ಆಯಿ ಪಲ್ಲವಿಯನ್ನು ತೋರಿಸಿದಳಂತೆ. “ಇದೇಯ. ಕಾಲೇಜಿಗೆ ಹೋಗ್ತದೆ.”

“ಮದ್ದಿಗೆ ಎಂತೆಂತ ಹಾಕ್ತೀರಿ?”

“ಎಂತ ಹಾಕುದೂ ಇಲ್ಲ. ಬಾಟ್ಲಿಯಲ್ಲೇ ಬತ್ತದೆ. ಬ್ರಾಂಡಿ.”

ಡಾಕ್ಟರು ನಗಲಿಲ್ಲ. ನರ್ಸನ್ನು ಕೂಗಿ ಇಂಜೆಕ್ಷನ್ ಬದಲಾಯಿಸಿದರು.

ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆತ್ತವಳ ಮೈಗೆ ಥಂಡಿ ಹೋಗಬಾರದು, ಸೊಂಟ ಗಟ್ಟಿಯಾಗಬೇಕು, ನಿದ್ದೆ ಬರಬೇಕು ಅಂತ ಕಾಳುಮೆಣಸು, ಶುಂಠಿ, ಬೆಲ್ಲದ ಮದ್ದುಗಳ ಜೊತೆ ರಾತ್ರಿ ಊಟಕ್ಕೆ ಮೊದಲು ಬಿಸಿನೀರಿಗೆ ಬ್ರಾಂಡಿ ಹಾಕಿ ಕೊಡುತ್ತಾರೆ. ಬಾಟಲಿಯ ಮುಚ್ಚಳವೇ ಅಳತೆ. ಕುಡಿಯುವುದು ಎನ್ನುವ ಮಾತು ಗಂಡಸರಿಗೆ. ಅವರು ಕುಡಿಯುತ್ತಾರೆ, ಬೀಳುತ್ತಾರೆ, ಬೈಸಿಕೊಳ್ಳುತ್ತಾರೆ. ಹೆಂಗಸರದ್ದು ಮದ್ದು. ಅದೇ ಬಾಟಲಿ ದೇವರ ಗೂಡಿನ ಪಕ್ಕ, ಅಮೃತಾಂಜನದ ಡಬ್ಬಿಯ ಜೊತೆ ಕೂರುತ್ತದೆ. ಯಾರೂ ಹುಬ್ಬು ಹಾರಿಸುವುದಿಲ್ಲ.

ನನ್ನ ಮೊದಲ ಬಾಣಂತನ ಪಲ್ಲವಿಯದಲ್ಲ.

ಅವಳಿಗಿಂತ ಮುಂಚೆ ಒಂದು ಗಂಡುಮಗು ಹುಟ್ಟಿತ್ತು. ಅಂಕೋಲೆಯಲ್ಲಿ, ತವರಿನಲ್ಲಿ. ಕೆಲವೇ ದಿನ ಇತ್ತು. ಬಾರಸೆ, ಅಂದರೆ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು, ಅಲ್ಲಿವರೆಗೂ ಬರಲಿಲ್ಲ. ಹಾಲು ಕುಡಿಯುವುದು ನಿಲ್ಲಿಸಿತು, ಮೈ ನೀಲಿಯಾಯಿತು, ಹೋಯಿತು. ನನಗೆ ಜ್ವರ, ಅರ್ಧ ಎಚ್ಚರ. ಅಪ್ಪ ಮತ್ತು ಇವರು ಒಂದು ಹಳೇ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಟಾಗ ಬಾಗಿಲ ಬೆಳಕಿನಲ್ಲಿ ಅವರ ಬೆನ್ನು ಕಂಡದ್ದಷ್ಟೇ ನೆನಪು.

ಎಲ್ಲಿ ಇಟ್ಟಿರಿ ಅಂತ ಕೇಳಿದೆ. ಯಾರೂ ಹೇಳಲಿಲ್ಲ.

ಹೇಳಬಾರದು ಅನ್ನುವುದು ನಮ್ಮಲ್ಲಿ ಪದ್ಧತಿ. ಆಯಿ ನನ್ನ ಎದೆಗೆ ಸೀರೆಯ ತುಂಡು ಬಿಗಿದು ಕಟ್ಟುತ್ತ ಅಂದಳು: “ಹೋದದ್ದರ ಜಾಗ ಹೆತ್ತವ್ಳಿಗೆ ಗೊತ್ತಾಗುಕಾಗ. ಗೊತ್ತಾದ್ರೆ ಕಾಲು ಅಲ್ಲಿಗೇ ಹೋಗ್ತದೆ. ಮುಂದಿಂದು ಹೊಟ್ಟೇಲಿ ನಿಲ್ಲೂದಿಲ್ಲ.” ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಆಯಿ ಒಂದು ದಿನವೂ ಬಾಣಂತನ ತಪ್ಪಿಸಲಿಲ್ಲ. ಬಿಸಿನೀರು ಹೊಯ್ದಳು, ಸಾಂಬ್ರಾಣಿ ಹೊಗೆ ಹಾಕಿದಳು, ತೊಟ್ಟಿಲು ಮಾತ್ರ ಅಟ್ಟ ಸೇರಿತ್ತು. ರಾತ್ರಿ ಊಟಕ್ಕೆ ಮೊದಲು ಮದ್ದು. “ಕೂಸು ಇಲ್ದಿದ್ರೂ ಮೈ ಬಾಣಂತಿದೇ ಅಲ್ದ? ಕುಡಿ ಮಗಾ.”

ಕುಡಿದೆ. ನಿದ್ದೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ನೆನಪಾಗುತ್ತಿದ್ದದ್ದು ಸ್ವಲ್ಪ ತಡವಾಗಿ ನೆನಪಾಯಿತು. ಇಷ್ಟು ಒಳ್ಳೆಯ ಮದ್ದು ನಾನು ಕಂಡಿರಲಿಲ್ಲ.

ಮುಂದಿನದ್ದು ಊಹಿಸುವುದು ಕಷ್ಟವಲ್ಲ. ಪಲ್ಲವಿ ಹುಟ್ಟಿದಾಗ ಮತ್ತೆ ಮದ್ದು. ಬಾಣಂತನ ಮುಗಿದರೂ ಮದ್ದು ಮುಗಿಯಲಿಲ್ಲ. ಸೊಂಟನೋವಿಗೆ, ಮಳೆಗಾಲದ ಕೆಮ್ಮಿಗೆ, ಇವರು ಕಡಲಿಗೆ ಹೋದ ದಿನದ ಹೆದರಿಕೆಗೆ, ವಾಪಸ್ ಬಂದ ದಿನದ ಮೌನಕ್ಕೆ. ಗೋವೆ ಗಡಿ ನಮಗೆ ಪಕ್ಕದ ಮನೆಯಷ್ಟು ದೂರ, ತರುವವರಿಗೆ ಬರವಿಲ್ಲ. ಮುಚ್ಚಳದಿಂದ ಲೋಟಕ್ಕೆ ಯಾವಾಗ ಬಂದೆನೋ ನನಗೇ ಗೊತ್ತಿಲ್ಲ. ಬಂದರಿನಲ್ಲಿ ಥಿನ್ನರಿನ ವಾಸನೆ ಎಲ್ಲ ವಾಸನೆಯನ್ನೂ ನುಂಗುತ್ತದೆ. ಪಂಚಾಯ್ತಿಯವರು ಕರೆದಾಗ ಊರೂರ ಗೋಡೆಗಳ ಮೇಲೆ ‘ಕುಡಿತ ಬಿಡಿ, ಸಂಸಾರ ಉಳಿಸಿ’ ಅಂತ ದಪ್ಪಕ್ಷರದಲ್ಲಿ ಬರೆದವಳು ನಾನೇ. ಬ್ರಶ್ಶಿನ ಚೀಲದಲ್ಲಿ ಮದ್ದಿನ ಬಾಟಲಿ ಇರುತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಅನ್ನುತ್ತಾರಲ್ಲ, ಹಾಗೆ. ಒಂದು ವ್ಯತ್ಯಾಸ, ಬಿದ್ದದ್ದು ಈ ಹಲ್ಲಿಗೆ ಗೊತ್ತಿರಲಿಲ್ಲ.

ಸಿರೋಸಿಸ್, ಅಂದರು ಡಾಕ್ಟರು. ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆ. ಹೊಟ್ಟೆಯಲ್ಲಿ ತುಂಬಿದ ನೀರನ್ನು ಸೂಜಿ ಚುಚ್ಚಿ ತೆಗೆದರು. ಅದಕ್ಕೆ ಟ್ಯಾಪಿಂಗ್ ಅನ್ನುತ್ತಾರೆ. ಕ್ಯಾನಿಗೆ ಇಳಿಯುತ್ತಿದ್ದ ನೀರು ಕೂಡ ಹಳದಿ. ಲಿವರ್ ಬದಲಾಯಿಸುವ ಮಾತು ಒಮ್ಮೆ ಬಂತು. ಬೆಂಗಳೂರು, ಲಕ್ಷಗಟ್ಟಲೆ ಅಂದಾಗ ಇವರು ಕಿಟಕಿಯ ಕಡೆ ತಿರುಗಿದರು, ಡಾಕ್ಟರೂ ಮುಂದೆ ಹೇಳಲಿಲ್ಲ. ಉಳಿದದ್ದು ಒಂದೇ: ಇನ್ನು ಒಂದು ತೊಟ್ಟೂ ಮುಟ್ಟಬಾರದು. ಜೊತೆಗೆ ಉಪ್ಪು ಕಡಿಮೆ, ನೀರು ಕಡಿಮೆ, ಒಣಮೀನು ಕಣ್ಣಿಂದಲೂ ನೋಡಬಾರದು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ನನಗೆ ಎರಡೂ ಇಲ್ಲ.

ವಾರ್ಡಿಗೆ ಒಬ್ಬ ಕೌನ್ಸೆಲರ್ ಬರುತ್ತಿದ್ದಳು. ಪಲ್ಲವಿಗಿಂತ ತುಸು ದೊಡ್ಡವಳು, ಮೃದು ಮಾತು. ನಾನು ಪೇಂಟರ್ ಅಂತ ಕೇಳಿ ಖುಷಿಯಾಗಿ ಹಾಳೆ, ಮಕ್ಕಳ ಬಣ್ಣದ ಕಡ್ಡಿ ತಂದುಕೊಟ್ಟಳು. “ನಿಮ್ಮ ಮನಸ್ಸಲ್ಲಿ ಏನಿದೆ ಅದನ್ನ ಬರೀರಿ ಅಕ್ಕಾ,” ಅಂದಳು. ನಾನು ದುಡ್ಡು ತೆಗೆದುಕೊಂಡು ಬರೆಯುವವಳು. ಮನಸ್ಸಿನಲ್ಲಿದ್ದದ್ದನ್ನು ಯಾವ ಮಾಲೀಕನೂ ಕೇಳಿರಲಿಲ್ಲ. ಒಂದು ಬಾಟಲಿ ಬರೆದು ಅದರ ಮೇಲೆ ಕೆಂಪು ಗೀಟು ಎಳೆದುಕೊಟ್ಟೆ. ಪಂಚಾಯ್ತಿಯ ಗೋಡೆಗೆ ಬರೆಯುತ್ತಿದ್ದದ್ದೇ.

ಹುಡುಗಿ ದಡ್ಡಿಯಲ್ಲ. “ಇದು ನಿಮ್ಮ ಕೈ ಬರೆದದ್ದು,” ಅಂದು ಇನ್ನೊಂದು ಹಾಳೆ ಇಟ್ಟುಹೋದಳು.

ಅದರ ಮೇಲೆ ಒಂದು ದೋಣಿ ಬರೆದೆ. ಮಳೆಗಾಲದಲ್ಲಿ ದಂಡೆಯ ಮೇಲೆ ಕವುಚಿ ಹಾಕುತ್ತಾರಲ್ಲ, ಹಾಗೆ. ಮೈಗೆ ಹೊಸ ನೀಲಿ ಬಣ್ಣ. ಬಣ್ಣದ ಕೆಳಗೆ ಮರಕ್ಕೆ ಹುಳ ಹಿಡಿದಿದೆ ಅಂತ ಗೊತ್ತಾಗುವ ಹಾಗೆ ಒಂದೆರಡು ಕಡೆ ತೂತು. ಮಾರುವ ಮುಂಚೆ ಕೆಲವರು ಹಾಗೆ ಮಾಡುತ್ತಾರೆ, ಹುಳ ಹಿಡಿದ ಹಲಗೆಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯುತ್ತಾರೆ. “ಬಣ್ಣಕ್ಕೆ ಹುಳ ಸಾಯೂದಿಲ್ಲ, ತಂಪಾಗಿ ಮಲಗ್ತದೆ,” ಅನ್ನುತ್ತಿದ್ದ ಅಪ್ಪ. ಹೆಸರಿನ ಜಾಗ ಖಾಲಿ ಬಿಟ್ಟೆ.

ಕೌನ್ಸೆಲರ್ ನೋಡಿ, “ಹೆಸರು ಬರೆದಿಲ್ವಲ್ಲ ಅಕ್ಕಾ?” ಅಂದಳು.

ಅಷ್ಟಕ್ಕೇ ನನಗೆ ಅಳು ಬಂತು. ಎಷ್ಟೋ ವರ್ಷಕ್ಕೆ, ಮದ್ದಿಲ್ಲದೆ, ಹಗಲಲ್ಲಿ, ಊರೆಲ್ಲ ಓಡಾಡುವ ವಾರ್ಡಿನಲ್ಲಿ. ಅವಳ ಹತ್ತಿರ ಮಗುವಿನ ವಿಷಯ ಹೇಳಿದೆ. ಅದು ಎಲ್ಲಿದೆ ಅಂತ ನನಗೆ ಗೊತ್ತಾಗಬೇಕು ಅಂದೆ. ಅಲ್ಲಿ ಒಂದು ಸಲ ಹೋಗಿ ನಿಲ್ಲದೆ ನಾನು ಇದನ್ನು ಬಿಡಲಾರೆ, ಬಿಡದೆ ಬದುಕಲಾರೆ, ಇಷ್ಟೇ ನನ್ನ ಕಥೆ ಅಂದೆ. “ಮನೆಯವರನ್ನ ಕೇಳಿ,” ಅಂದಳು. ಕೇಳುವುದು ಅಷ್ಟು ಸುಲಭವೇ? ಅಪ್ಪ ತೀರಿಹೋಗಿದ್ದ. ಆಯಿಗೆ ನಿಜಕ್ಕೂ ಗೊತ್ತಿರಲಿಲ್ಲ, ಹೆಂಗಸರು ಹಿಂದೆ ಹೋಗುವಂತಿಲ್ಲ. ಗೊತ್ತಿದ್ದವರು ಇವರೊಬ್ಬರೇ. ಡಿಸ್ಚಾರ್ಜ್ ಆಗುವ ದಿನ ಆಟೋದಲ್ಲಿ ಕೇಳಿದೆ.

“ಈಗೆಂತಕ್ಕೆ ಅದೆಲ್ಲ?” ಅಂದರು. ಆಟೋದವನಿಗೆ ದಾರಿ ಹೇಳತೊಡಗಿದರು. ಅವನಿಗೆ ದಾರಿ ಗೊತ್ತಿತ್ತು.

ಚೌತಿಯವರೆಗೆ ನಾನು ಸರಿಯಾಗಿದ್ದೆ. ಬಾಯಿಗೆ ರುಚಿಯಿಲ್ಲ, ಮೈಯಲ್ಲಿ ಬಲವಿಲ್ಲ, ಆದರೆ ಮುಟ್ಟಿರಲಿಲ್ಲ. ಪಲ್ಲವಿ ಕಾಲೇಜಿನಿಂದ ಬಂದ ಕೂಡಲೇ ಏನೋ ನೆಪ ಮಾಡಿ ನನ್ನ ಹತ್ತಿರ ಬಂದು ಬಾಗುತ್ತಿದ್ದಳು. ಮೂಸುತ್ತಿದ್ದಾಳೆ ಅಂತ ನನಗೆ ತಿಳಿಯುತ್ತಿತ್ತು. ಒಂದು ದಿನ ರೇಗಿ, “ನಾಯಿಮರಿ ಹಾಂಗೆ ಎಂತ ಮೂಸ್ತೆ?” ಅಂದೆ.

“ಸಣ್ಣವಳಿದ್ದಾಗಿಂದ ಮೂಸ್ತಾ ಇದ್ದೆ. ನಿಂಗೆ ಈಗ ಗೊತ್ತಾದದ್ದು,” ಅಂದಳು.

ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಚೌತಿಯಾದ ಮೇಲೆ ಪಕ್ಕದ ಮನೆಯಲ್ಲಿ ಬಾರಸೆ. ಹೆರಿಗೆಗೆ ಬಂದ ಅವರ ಮಗಳು ನಾನು ಎತ್ತಿ ಆಡಿಸಿದ ಹುಡುಗಿ. ಬಾರದಿದ್ದರೆ ತಪ್ಪಾಗುತ್ತದೆ ಅಂತ ಅವಳ ತಾಯಿ ಬಂದು ಕೈಹಿಡಿದು ಕರೆದುಕೊಂಡು ಹೋದಳು. ಮಗುವನ್ನು ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸುವಾಗ ಒಂದು ಕಡೆ ನನ್ನನ್ನು ನಿಲ್ಲಿಸಿದರು. ಬೆಚ್ಚಗೆ ಕೈಗೆ ಬಂತು, ಕೈಯಿಂದ ಹೋಯಿತು. ಕಿವಿಯಲ್ಲಿ ಹೆಸರು ಹೇಳಿದರು, ಎಲ್ಲರೂ ಕಡಲೆ ಪಂಚಕಜ್ಜಾಯ ತಿಂದರು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನಾನು ಬಾಣಂತಿಯ ಕೋಣೆಗೆ ಹೋದೆ. ಗೂಡಿನಲ್ಲಿ ಅದು ಇತ್ತು. ಇರಲೇಬೇಕಲ್ಲ.

ಹಸಿ ಬಾಣಂತಿಯ ಮದ್ದನ್ನು ಕದ್ದು ಕುಡಿದೆ. ಬಿಸಿನೀರೂ ಇಲ್ಲದೆ, ಬಾಟಲಿಗೇ ಬಾಯಿ ಹಚ್ಚಿ.

ಅಲ್ಲಿಂದ ದಾರಿ ಹಳೆಯದೇ. ಕೆಲವೇ ದಿನಗಳಲ್ಲಿ ಬಚ್ಚಲಲ್ಲಿ ವಾಂತಿ ಮಾಡುವಾಗ ರಕ್ತ ಬಂತು. ಸ್ವಲ್ಪ ಅಲ್ಲ. ಪಲ್ಲವಿ ಒಬ್ಬಳೇ ಮನೆಯಲ್ಲಿ. ಆಂಬುಲೆನ್ಸಿಗೆ ಫೋನ್ ಮಾಡುವಾಗ ಅವಳ ದನಿ ಒಂಚೂರೂ ನಡುಗಲಿಲ್ಲ. ಮಗಳು ಇಷ್ಟು ಗಟ್ಟಿಯಾಗಿದ್ದಾಳಲ್ಲ ಅಂತ ಹೆಮ್ಮೆಪಡಬೇಕೋ, ಇಷ್ಟು ಗಟ್ಟಿ ಮಾಡಿಬಿಟ್ಟೆನಲ್ಲ ಅಂತ ಅಳಬೇಕೋ. ಎಂಡೋಸ್ಕೋಪಿ ಮಾಡಿ ಅನ್ನನಾಳದ ಉಬ್ಬಿದ ರಕ್ತನಾಳಗಳಿಗೆ ರಬ್ಬರಿನ ಬಳೆ ಹಾಕಿದರು. ಮೊದಲಿನ ಆ ಚಿಕ್ಕ ಡಾಕ್ಟರೇ ಬಂದು ಸ್ಟೂಲು ಎಳೆದುಕೊಂಡು ಕೂತರು. ಕೂತು ಮಾತಾಡುವ ಡಾಕ್ಟರನ್ನು ಕಂಡರೆ ನನಗೆ ಹೆದರಿಕೆ.

“ಬಿಟ್ರೆ ಲಿವರ್ ಮೊದಲಿನ ಹಾಗೆ ಆಗತ್ತೆ ಅಂತ ನಾನು ಹೇಳಲ್ಲ. ಆಗಲ್ಲ. ಬಿಟ್ರೆ ಸ್ವಲ್ಪ ಸಮಯ ಸಿಗತ್ತೆ. ಬಿಡದಿದ್ರೆ ಮುಂದಿನ ಸಲ ಇಲ್ಲಿವರೆಗೆ ಬರೋದು ಅನುಮಾನ.”

“ಎಷ್ಟು ಸಮಯ?”

“ಅದನ್ನ ಯಾರೂ ಹೇಳಕ್ಕಾಗಲ್ಲ.”

ಮನೆಗೆ ಬಂದೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದರು. ಬಂದರಿನಲ್ಲಿ ನನ್ನ ಕೆಲಸ ಕುಮಟೆಯಿಂದ ಬಂದ ಯಾರೋ ಹುಡುಗ ಸ್ಟಿಕ್ಕರ್ ಅಂಟಿಸಿ ಮುಗಿಸಿದ್ದನಂತೆ. ಇಡೀ ದಿನ ಗೋಡೆ ನೋಡುತ್ತ ಕೂರುವುದು. ಸಾಯುವ ಹೆದರಿಕೆಗಿಂತ ಸಂಜೆಯ ಹೆದರಿಕೆ ದೊಡ್ಡದು. ಬಾಯಿ, ಕೈ, ಚರ್ಮ ಎಲ್ಲವೂ ಅದನ್ನೇ ಕೇಳುತ್ತಿತ್ತು. ದುಃಖವನ್ನು ಮುಚ್ಚಿಟ್ಟರೆ ಸಣ್ಣದಾಗುತ್ತದೆ ಅಂದುಕೊಂಡಿದ್ದೆ. ಅದು ಇಷ್ಟು ವರ್ಷ ಒಳಗೆ ಕೂತು ನನ್ನ ಲಿವರ್ ತಿಂದಿತ್ತು. ಮದ್ದು ತೆಗೆದದ್ದೇ, ಆ ದಿನ ಬಾಗಿಲ ಬೆಳಕಿನಲ್ಲಿ ಕಂಡ ಆ ಎರಡು ಬೆನ್ನು ಮತ್ತೆ ಎದುರಿಗೆ.

ಕೈಗೆ ಏನಾದರೂ ಕೆಲಸ ಬೇಕಿತ್ತು. ಹಿತ್ತಲಲ್ಲಿ ಬೋಟಿನ ಕ್ಯಾಬಿನ್ನಿನಿಂದ ಕಿತ್ತ ಒಂದು ಪ್ಲೈವುಡ್ ಹಲಗೆ ಬಿದ್ದಿತ್ತು. ಉಳಿದ ಎನಾಮೆಲ್ ಡಬ್ಬಿಗಳನ್ನು ಎಳೆದುಕೊಂಡು ಆಸ್ಪತ್ರೆಯಲ್ಲಿ ಬರೆದದ್ದನ್ನೇ ದೊಡ್ಡದಾಗಿ ಬರೆಯತೊಡಗಿದೆ. ಕವುಚಿದ ದೋಣಿ. ದಂಡೆಯ ಮೇಲೆ ಚಿಪ್ಪುಗಳ ಬದಲು ಬಾಟಲಿಯ ಮುಚ್ಚಳಗಳು. ದೋಣಿಯ ನೆರಳಿನಲ್ಲಿ ಮರಳಿನ ಒಂದು ಸಣ್ಣ ದಿಬ್ಬ, ಮೊರದಷ್ಟು. ಹಿಂದೆ ಕಡಲು, ಕಡಲೊಳಗೆ ನಮ್ಮ ಕೇರಿಯ ದಂಡೆಯಿಂದ ಕಾಣುವ ಒಂಟಿ ಗುಡ್ಡೆ. ಚಿಕ್ಕಂದಿನಿಂದ ಎಷ್ಟು ಸಲ ಬರೆದಿದ್ದೇನೆಂದರೆ ಕಣ್ಣು ಮುಚ್ಚಿದರೂ ಆ ಗುಡ್ಡೆ ಕೈಗೆ ಬರುತ್ತದೆ, ಯಾವಾಗಲೂ ಬಲಗಡೆ. ಕೈ ನಡುಗಿ ಗೀಟುಗಳು ಸೊಟ್ಟಗಾದವು. ಅಳಿಸಲಿಲ್ಲ. ಪಲ್ಲವಿ ಬಂದು ನೋಡಿದಳು.

“ಇದೆಂತದಮ್ಮಾ, ಈ ದಿಬ್ಬ?”

“ನಿನ್ನಣ್ಣ,” ಅಂದೆ.

ಅವಳಿಗೆ ಅಣ್ಣನಿದ್ದದ್ದು ಆ ದಿನ ಗೊತ್ತಾಯಿತು. ಪಕ್ಕದಲ್ಲಿ ಕೂತು ಬ್ರಶ್ಶು ತೊಳೆದುಕೊಟ್ಟಳು.

ಇವರು ಕಡಲಿನಿಂದ ಬಂದದ್ದು ದೀಪಾವಳಿಯ ಹಿಂದಿನ ದಿನ, ಮಧ್ಯಾಹ್ನ. ಸ್ನಾನ ಮಾಡಿ, ಊಟ ಮಾಡಿ, ಬೀಡಿ ಹಚ್ಚಿ ಹಿತ್ತಲಿಗೆ ಹೋದವರು ಹಲಗೆಯ ಎದುರು ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿ. ಎಷ್ಟೋ ಹೊತ್ತು ನೋಡಿದರು. ಬೀಡಿ ಆರಿತು. ಆಮೇಲೆ ಬೆರಳು ತೋರಿಸಿ ಅಂದರು:

“ಗುಡ್ಡೆ ತಪ್ಪಾಯ್ತು. ಅಲ್ಲಿಂದ ನೋಡಿದ್ರೆ ಅದು ಎಡಕ್ಕೆ ಬತ್ತದೆ.”

ತಾಂಡೇಲರ ಬುದ್ಧಿ. ಕಡಲಲ್ಲಿ ನಿಂತು ದಂಡೆಯ ಗುಡ್ಡ, ಮರ, ಗೋಪುರ ನೋಡಿ ತಾವಿರುವ ಜಾಗ ಹಿಡಿಯುವವರು ಗುರುತು ಆಚೀಚೆಯಾದರೆ ಸಹಿಸುವುದಿಲ್ಲ. ಬಾಯಿ ತಡೆಯದೆ ತಿದ್ದಿಬಿಟ್ಟರು.

“ಎಲ್ಲಿಂದ?” ಅಂದೆ.

ಇವರು ತಿರುಗಿ ನೋಡಿದರು. ನಮ್ಮ ಕೇರಿಯಿಂದ ಆ ಗುಡ್ಡೆ ಬಲಕ್ಕೇ ಕಾಣುವುದು. ಎಡಕ್ಕೆ ಕಾಣಬೇಕಾದರೆ ದಂಡೆ ಹಿಡಿದು ಬಡಗಲಿಗೆ ಹೋಗಬೇಕು, ಹಳ್ಳ ದಾಟಬೇಕು, ಊರವರು ಸುಮ್ಮಸುಮ್ಮನೆ ಕಾಲಿಡದ ಜಾಗಕ್ಕೆ.

ಚಿತ್ರ ಏನೆಂದು ಇವರಿಗೆ ಒಬ್ಬರೂ ಹೇಳಿರಲಿಲ್ಲ.

“ಹಳ್ಳದ ಆಚೆಯಾ?” ಅಂದೆ. “ಹೇಳಿ. ಇನ್ನು ಯಾವ ಮುಂದಿಂದು ನಿಲ್ಲಬೇಕು ನಂಗೆ?”

ಇವರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಮುಖ ಮುಚ್ಚಿಕೊಂಡರು. ಎಷ್ಟೋ ಗಾಳಿಮಳೆಯಲ್ಲಿ ಬೋಟು ನಡೆಸಿದ ಮನುಷ್ಯ. “ನಾಳೆ ಹೋಗ್ವಾ,” ಅಂದರು.

ಹಬ್ಬದ ದಿನ ನಾವಿಬ್ಬರೇ ಅಂಕೋಲೆಯ ಬಸ್ಸು ಹತ್ತಿದೆವು. ಸ್ಟ್ಯಾಂಡಿನಿಂದ ಆಟೋ, ಆಟೋ ಬಿಟ್ಟ ಮೇಲೆ ನಡಿಗೆ. ನನ್ನಿಂದ ಆಗುತ್ತಿರಲಿಲ್ಲ, ಹತ್ತು ಹೆಜ್ಜೆಗೊಮ್ಮೆ ಕೂರಬೇಕು. ಮರಳಿನಲ್ಲಿ ಇವರು ನನ್ನ ಸೊಂಟ ಹಿಡಿದು ನಡೆಸಿದರು, ಹಳ್ಳದಲ್ಲಿ ಹೆಚ್ಚುಕಡಿಮೆ ಎತ್ತಿಯೇ ದಾಟಿಸಿದರು. ದಾರಿಯುದ್ದಕ್ಕೂ ಅಲ್ಲಿ ಹೋಗಿ ಏನು ಮಾಡಬೇಕು ಅಂತ ಯೋಚಿಸುತ್ತಿದ್ದೆ. ಹೂ ತಂದಿದ್ದೆ. ಹಾಲು ತಂದಿದ್ದೆ. ಮನಸ್ಸಲ್ಲಿ ಒಂದು ಹೆಸರನ್ನೂ ಇಟ್ಟುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಹಳ್ಳದ ಆಚೆ ದಂಡೆಯೇ ಇರಲಿಲ್ಲ.

ಕಡಲ ಕೊರೆತಕ್ಕೆ ಹಾಕಿದ ಕರಿ ಬಂಡೆಗಳ ಸಾಲು, ಅದಕ್ಕೆ ಬಂದು ಬಡಿಯುವ ನೀರು. ಗುಡ್ಡೆ ಎಡಕ್ಕೆ ಕಾಣುತ್ತಿತ್ತು, ಇವರು ಹೇಳಿದ ಹಾಗೇ. ಇವರು ಬಂಡೆಗಳಾಚೆ ನೀರಿನ ಕಡೆ ಕೈ ತೋರಿಸಿದರು.

“ಆಗ ಅಲ್ಲೀತನಕ ಮರಳಿತ್ತು. ಗಾಳಿಮರ ಇತ್ತು. ಪಲ್ಲವಿ ಹುಟ್ಟಿದ ಮೇಲೆ ನಾ ಒಂದ್ ಸಲ ಬಂದಿದ್ದೆ. ಆಗ್ಲೇ ಕಡಲು ತಕಂಡು ಹೋಗಿತ್ತು ಸುಮಿ. ಹ್ಯಾಂಗೆ ಹೇಳೂದು ನಿಂಗೆ?”

ಅಷ್ಟು ವರ್ಷದ ಮೌನಕ್ಕೆ ಕಾರಣ ಇಷ್ಟು. ಪದ್ಧತಿ ಮೊದಲ ಒಂದೆರಡು ವರ್ಷದ್ದು. ಉಳಿದದ್ದು ಈ ಮನುಷ್ಯ ತೋರಿಸಲು ಜಾಗವಿಲ್ಲದೆ ಬಾಯಿ ಕಟ್ಟಿಕೊಂಡದ್ದು. ಅದೇ ಕಡಲಿಗೆ ಹೋಗಿ, ಅದೇ ಕಡಲಿನಿಂದ ಅನ್ನ ತಂದು, ಬಂದು ನನ್ನೆದುರು ಸುಮ್ಮನೆ ಕೂರುತ್ತಿದ್ದರು. ನಾನು ಆ ಸುಮ್ಮನಿರುವುದಕ್ಕೆ ಮದ್ದು ಕುಡಿಯುತ್ತಿದ್ದೆ.

ಹಾಲು ಬಂಡೆಯ ಮೇಲೆ ಸುರಿದೆ. ಹೂ ನೀರಿಗೆ ಹಾಕಿದರೆ ಅಲೆ ವಾಪಸ್ ತಂದು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿತು. ಹೆಸರು ಬಾಯಿಗೆ ಬರಲಿಲ್ಲ. ಇದಕ್ಕಾಗಿಯೇ ಬದುಕಿ ಉಳಿದೆ ಅಂದುಕೊಂಡಿದ್ದೆ. ಬಂದು ನೋಡಿದರೆ ನಿಲ್ಲಲು ಸರಿಯಾದ ಜಾಗವೂ ಇಲ್ಲ. ಆ ಹೊತ್ತಿಗೆ ಯಾರಾದರೂ ಒಂದು ಲೋಟ ಕೊಟ್ಟಿದ್ದರೆ ಕುಡಿದುಬಿಡುತ್ತಿದ್ದೆ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಮುಂದೇನು ಅಂತ ನನಗೆ ಗೊತ್ತಿಲ್ಲ. ಹೊಟ್ಟೆಯಲ್ಲಿ ಮತ್ತೆ ನೀರು ತುಂಬುತ್ತಿದೆ, ಟ್ಯಾಪಿಂಗ್‌ಗೆ ಹೋಗಬೇಕು. ಹೋದ ಸಲಕ್ಕಿಂತ ಈ ಸಲ ಬೇಗ ತುಂಬಿದೆ. ರಕ್ತ ವಾಂತಿಯಾದ ದಿನದಿಂದ ಮದ್ದು ಮುಟ್ಟಿಲ್ಲ. ನಾಳೆಯ ಮಾತು ಕೊಡಲಾರೆ. ಕೊಟ್ಟ ಮಾತುಗಳನ್ನು ನಾನು ಏನು ಮಾಡುತ್ತೇನೆ ಅಂತ ಪಕ್ಕದ ಮನೆಯ ಬಾಣಂತಿಯನ್ನು ಕೇಳಿ.

ಆ ದಿನ ಅಂಕೋಲೆಯಿಂದ ವಾಪಸ್ ಬರುವಾಗ ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಇವರು ಪಕ್ಕದಲ್ಲಿ ಕೂತರು. ಬಸ್ಸು ಹೆದ್ದಾರಿಗೆ ಬಂತು.

“ಯಾರ ಹಾಂಗಿತ್ತು?” ಅಂತ ಕೇಳಿದೆ. “ನಂಗೆ ಜ್ವರದಲ್ಲಿ ಮುಖ ಸರಿ ನೆನಪಿಲ್ಲ.”

ಇವರು ತಡೆದು ತಡೆದು ಹೇಳತೊಡಗಿದರು. ತಲೆತುಂಬ ಕೂದಲಿತ್ತು. ಹುಬ್ಬು ಕೂಡಿಕೊಂಡಿತ್ತು, ನನ್ನ ಅಪ್ಪನ ಹಾಗೆ. ಬಲಗೈ ಮುಷ್ಟಿ ಬಿಡಿಸುತ್ತಲೇ ಇರಲಿಲ್ಲ. ಒಂದು ಸಲ ಇವರ ಬೆರಳು ಹಿಡಿದುಕೊಂಡು ಬಿಡಲಿಲ್ಲವಂತೆ. ಬಿಡಿಸಿಕೊಳ್ಳಲು ಮನಸ್ಸಾಗದೆ ಎಷ್ಟೋ ಹೊತ್ತು ಬಗ್ಗಿಯೇ ನಿಂತಿದ್ದರಂತೆ. ಕೆಲವೇ ದಿನ ಇದ್ದ ಮಗು, ಹೇಳುವುದಕ್ಕೆ ಎಷ್ಟಿರುತ್ತದೆ? ಕಾರವಾರ ಇನ್ನೂ ದೂರವಿರುವಾಗಲೇ ಮುಗಿದುಹೋಯಿತು.

“ಮೊದ್ಲಿಂದ ಹೇಳಿ,” ಅಂದೆ.

ಹೇಳಿದರು.